ಹೆಸರು ಹಿಡಿದು ಕರೆಯುವುದು

ಪಕ್ಕದ ಮನೆಯ ಹುಡುಗಿ ನಮ್ಮ ಹಿಂಬಾಗಿಲು ಬಡಿದಾಗ ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಬಡಿದ ರೀತಿಗೇ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುವುದೇನೂ ಸುಳ್ಳಲ್ಲ. ಒಲೆ ಆರಿಸಿ ಬಾಗಿಲು ತೆಗೆದರೆ, ಒಂಬತ್ತು ವರ್ಷದ ಆ ಹುಡುಗಿ ಶಾಲೆಯ ಚೀಲವನ್ನು ಬೆನ್ನಿನಿಂದ ಇಳಿಸದೆ ನಿಂತಿದ್ದಳು.

“ಆಂಟಿ, ನೈನೈ ಈಸ್ ನಾಟ್ ಹೋಮ್,” ಎಂದಳು.

ನೈನೈ ಎಂದರೆ ಚೀನೀ ಭಾಷೆಯಲ್ಲಿ ಅಪ್ಪನ ಅಮ್ಮ. ಸ್ವಂತ ಅಜ್ಜಿಯೇ ಆಗಬೇಕೆಂದಿಲ್ಲ, ನಾವು ಬಸ್ಸಿನಲ್ಲಿ ಕಂಡ ಮುದುಕಿಗೆಲ್ಲ ಅಜ್ಜಿ ಅನ್ನುವ ಹಾಗೆ ಆ ವಯಸ್ಸಿನ ಯಾರನ್ನೂ ಹಾಗೆ ಕರೆಯಬಹುದು. ಈ ಹುಡುಗಿಗೆ ಅವರು ಖಾಸಾ ನೈನೈ, ನನಗೆ ಬೇಲಿಯಾಚೆಯ ನೈನೈ. ಶಾಲೆ ಬಿಡುವ ಹೊತ್ತಿಗೆ ಅವರು ಗೇಟಿನ ಹತ್ತಿರ ಸುಲಿದ ಮ್ಯಾಂಡರಿನ್ ಹಣ್ಣು ಹಿಡಿದು ನಿಂತಿರುತ್ತಿದ್ದರು. ಮಳೆ ಬಂದರೆ ಕೊಡೆ ಹಿಡಿದು ನಿಂತಿರುತ್ತಿದ್ದರು. ಅವರು ಅಲ್ಲಿಲ್ಲ ಅನ್ನುವ ಮಾತನ್ನು ನನ್ನ ತಲೆ ಮೊದಲಿಗೆ ಒಪ್ಪಲೇ ಇಲ್ಲ.

“ಟಾಯ್ಲೆಟ್ಟಿನ್ಯಾಗ ನೋಡಿದೇನು?” ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಹುಡುಗಿ ಕಣ್ಣು ಪಿಳುಕಿಸಿದಳು. ಮತ್ತೆ ಇಂಗ್ಲಿಷಿನಲ್ಲಿ ಕೇಳಿದೆ. ಎಲ್ಲ ಕಡೆ ನೋಡಿದ್ದಾಳಂತೆ.

ನಾನೂ ಹೋಗಿ ನೋಡಿದೆ. ಹಿಂಬಾಗಿಲಿಗೆ ಬೀಗವಿರಲಿಲ್ಲ. ನೈನೈಯ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು. ಮೆಟ್ಟಿಲ ಹತ್ತಿರ ಇರಬೇಕಾದ ಗಮ್‌ಬೂಟು ಇರಲಿಲ್ಲ. ಗೋಡೆಗೆ ನೇತುಹಾಕುವ ಬಟ್ಟೆಯ ಚೀಲ, ಮೊಂಡು ಕತ್ತರಿ ಎರಡೂ ಇರಲಿಲ್ಲ. ಸೊಪ್ಪು ಕೊಯ್ಯಲು ಹೊಳೆಗೆ ಹೋಗಿದ್ದಾರೆ ಎಂದು ತಕ್ಷಣ ಗೊತ್ತಾಯಿತು. ಹಿಂದಿನ ದಿನವಿಡೀ ಬೆಟ್ಟದ ಮೇಲೆ ಮಳೆ ಸುರಿದಿತ್ತು. ನ್ಯೂಜಿಲೆಂಡಿನ ಈ ನಮ್ಮ ಅಪ್ಪರ್ ಹಟ್ ಊರಿನಲ್ಲಿ ಬಿಸಿಲಿದ್ದರೂ ಬೆಟ್ಟದ ನೀರು ತಡವಾಗಿ ಬಂದು ಹೊಳೆ ತುಂಬುತ್ತದೆ. ಅದು ಜೂನ್ ತಿಂಗಳು, ಇಲ್ಲಿ ಚಳಿಗಾಲ. ಸಂಜೆ ಐದಕ್ಕೆ ಬೆಳಕು ಹೋದರೆ ಹೋಯಿತು.

ಹುಡುಗಿಯ ತಾಯಿ ಆ ವಾರ ತನ್ನ ತಾಯಿಗೆ ಆರಾಮಿಲ್ಲವೆಂದು ಚೀನಾಕ್ಕೆ ಹೋಗಿದ್ದಳು. ತಂದೆ ಸೇಬು ವಿಂಗಡಿಸುವ ಯಂತ್ರಗಳ ಮೆಕ್ಯಾನಿಕ್ಕು, ನೆಲ್ಸನ್‌ನಲ್ಲಿ ಯಂತ್ರ ಕೆಟ್ಟಿದೆಯೆಂದು ವಿಮಾನ ಹತ್ತಿದ್ದ. ಹೋಗುವ ಮುಂಚೆ ನಮ್ಮ ಬಾಗಿಲಿಗೆ ಬಂದು, ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ನೀವು ಪಕ್ಕದಲ್ಲಿದ್ದೀರೆಂಬ ಧೈರ್ಯಕ್ಕೆ ಹೋಗುತ್ತಿದ್ದೇನೆ ಎಂದಿದ್ದ. ನಾನು ದೊಡ್ಡದಾಗಿ ತಲೆಯಾಡಿಸಿ, ನಿಶ್ಚಿಂತೆಯಿಂದ ಹೋಗಿ ಬನ್ನಿ ಎಂದಿದ್ದೆ.

ಧಾರವಾಡದವಳಾದ ನನಗೂ ಶಾಂಡೊಂಗ್ ಸೀಮೆಯ ಹಳ್ಳಿಯ ಆ ಮುದುಕಿಗೂ ಎಲ್ಲಿಯ ಸಂಬಂಧ ಎಂದು ಕೇಳಿದರೆ ಚೀನಾದಿಂದಲೇ ಶುರು ಮಾಡಬೇಕು. ನ್ಯೂಜಿಲೆಂಡಿಗೆ ಬರುವ ಮುಂಚೆ ನನ್ನ ಗಂಡನ ಕಂಪನಿ ಅವನನ್ನು ಅದೇ ಶಾಂಡೊಂಗ್ ಸೀಮೆಯ ಚಿಂಗ್‌ದಾವ್ ಊರಿನ ಕಾರ್ಖಾನೆಗೆ ಹಾಕಿತ್ತು. ಅವನು ಮೈಸೂರಿನವನು, ಮೃದು ಮನುಷ್ಯ, ಕಾರ್ಖಾನೆಯಲ್ಲಿ ದುಭಾಷಿಯನ್ನು ಇಟ್ಟುಕೊಂಡು ಇಂಗ್ಲಿಷಿನಲ್ಲೇ ಕಾಲ ಕಳೆದ. ಹಾಲು, ತರಕಾರಿ, ಗ್ಯಾಸು, ನಲ್ಲಿ ರಿಪೇರಿ ಎಲ್ಲ ನನ್ನ ತಲೆಗೆ ಬಂತು. ವಿದೇಶೀಯರಿಗೆಂದು ನಡೆಸುವ ಭಾಷೆಯ ತರಗತಿಗೆ ಸೇರಿದೆ. ಅಲ್ಲಿ ಜರ್ಮನಿಯ ಇಂಜಿನಿಯರರ ಹೆಂಡತಿಯರು, ಒಬ್ಬ ರಷ್ಯದ ಪಿಯಾನೋ ಮೇಷ್ಟ್ರು, ನಾನು. ನಾಲ್ಕು ಸ್ವರಗಳನ್ನು ಏರಿಸಿ ಇಳಿಸಿ ಹೇಳಿಸುತ್ತಿದ್ದ ಟೀಚರು ನನ್ನ ಬಾಯಿಗೆ ಬಂದ ಕೂಡಲೇ ಹಣೆ ಹಿಡಿದುಕೊಳ್ಳುತ್ತಿದ್ದರು. ಒಂದು ದಿನ ನಾನೂ ಸಿಟ್ಟಿನಿಂದ ಪುಸ್ತಕ ಮುಚ್ಚಿ ಬಂದೆ.

ನಿಜವಾಗಿ ಕಲಿತದ್ದು ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ. ಅಲ್ಲಿ ಬೆಳಗಿನಿಂದ ಅಜ್ಜಿಯಂದಿರು ಮೊಮ್ಮಕ್ಕಳನ್ನು ಆಡಲು ಬಿಟ್ಟು ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಾನೂ ಹೋಗಿ ಕೂತೆ. ಮೊದಲ ದಿನವೇ ಬಾಡಿಗೆ ಎಷ್ಟು, ಗಂಡನಿಗೆ ಸಂಬಳ ಎಷ್ಟು, ಮಕ್ಕಳು ಯಾಕಾಗಿಲ್ಲ ಎಂದು ಕೇಳಿದರು. ಮೂರನೆಯದಕ್ಕೆ ನನ್ನಲ್ಲಿ ಉತ್ತರವೂ ಇರಲಿಲ್ಲ, ಪದಗಳೂ ಇರಲಿಲ್ಲ. ಪದಗಳಿಲ್ಲದ್ದು ಒಳ್ಳೆಯದೇ ಆಯಿತು. ಹೊಸ ಭಾಷೆಯಲ್ಲಿ ಮನುಷ್ಯ ಮತ್ತೆ ಕೂಸಾಗುತ್ತಾನೆ. ಮೂವತ್ತು ದಾಟಿದ ನನ್ನನ್ನು ಅವರು ಮೊಮ್ಮಕ್ಕಳ ಸಾಲಿನಲ್ಲೇ ಕೂರಿಸಿ, ತಪ್ಪಿದಾಗ ತೊಡೆಗೊಂದು ಪೆಟ್ಟು ಕೊಟ್ಟು, ಸರಿಯಾದಾಗ ಬಾಯಿಗೊಂದು ಕಡಲೆಬೀಜ ಹಾಕಿ ಕಲಿಸಿದರು. ನಾನು ಕಲಿತದ್ದು ಟೀಚರಿನ ಶುದ್ಧ ಭಾಷೆಯಲ್ಲ, ಆ ಅಂಗಳದ ಒರಟು ಭಾಷೆ.

ಆ ಅಂಗಳದಲ್ಲಿ ಯಾರಿಗೂ ಹೆಸರಿರಲಿಲ್ಲ. ಮೂರನೇ ಮಹಡಿಯ ನೈನೈ, ಅವಳಿ ಮಕ್ಕಳ ನೈನೈ, ಗೇಟಿನ ದೊಡ್ಡಪ್ಪ, ಇಷ್ಟೇ. ನಾನು ಇಂಡಿಯಾದ ಸೊಸೆ. ಇದು ನನಗೆ ವಿಚಿತ್ರವೆನಿಸಲಿಲ್ಲ. ನಮ್ಮ ಕಡೆ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವರು ನಮ್ಮ ಅಜ್ಜಿ. ಮದುವೆಮನೆಯಲ್ಲಿ ಎಲ್ಲರೂ ಸೇರಿ ಪೀಡಿಸಿದರೆ ಮಾತ್ರ ಒಡಪು ಕಟ್ಟಿ, ನಾಲ್ಕು ಸಾಲಿನ ಪದ್ಯದೊಳಗೆ ಆ ಹೆಸರನ್ನು ಹುದುಗಿಸಿ ಹೇಳುತ್ತಿದ್ದರು. ಆ ಅಜ್ಜಿಯ ಹೆಸರು ನನಗೆ ಗೊತ್ತಾದದ್ದಾದರೂ ಯಾವಾಗ? ಅವರು ತೀರಿಕೊಂಡ ಮೇಲೆ, ಭಟ್ಟರು ಕ್ರಿಯೆ ಮಾಡಿಸುವಾಗ ಕೇಳಿದ್ದಕ್ಕೆ ಅಪ್ಪ ಹೇಳಿದರಲ್ಲ, ಆಗ.

ಆಮೇಲೆ ನಾವು ಇಲ್ಲಿಗೆ ಬಂದೆವು. ನನ್ನ ಚೀನೀ ಭಾಷೆ ತುಕ್ಕು ಹಿಡಿಯುತ್ತಿದ್ದಾಗ ಪಕ್ಕದ ಮನೆಗೆ ಈ ನೈನೈ ಬಂದರು. ಬೇಲಿಯ ಮೇಲಿಂದ ನಾನು ಮೊದಲ ಮಾತಾಡಿದಾಗ ಅವರು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀರೆ ಉಟ್ಟ ಹೆಂಗಸಿನ ಬಾಯಲ್ಲಿ ತಮ್ಮ ಸೀಮೆಯ ರಾಗ! ಅಂದಿನಿಂದ ಅವರಿಗೂ ನಾನು ಇಂಡಿಯಾದ ಸೊಸೆ, ದಿನಾ ಬೆಳಿಗ್ಗೆ ಪಾಠ. ನಾನು ಮನೆಯಿಂದಲೇ ಒಂದು ಕಂಪನಿಗೆ ಡ್ರಾಯಿಂಗ್ ಮಾಡಿಕೊಡುತ್ತಿದ್ದೆ, ಹನ್ನೊಂದು ಗಂಟೆಗೆ ಚಹಾ ಹಿಡಿದು ಬೇಲಿಗೆ ಬರುತ್ತಿದ್ದೆ. ಅವರ ಮಾತು ನನ್ನ ಕಿವಿಗೆ ಬೀಳುತ್ತಿದ್ದದ್ದು ನಮ್ಮ ಕಡೆಯ ಹಳ್ಳಿಯ ಕನ್ನಡದ ಧಾಟಿಯಲ್ಲೇ. ಆದ್ದರಿಂದ ಹಾಗೇ ಬರೆಯುತ್ತೇನೆ.

“ನಿನ್ನ ನಾಲಿಗೆ ಒದ್ದಿ ಅರಿವಿ ಇದ್ದಂಗ ಅದ. ಹಿಂಡು, ಗಟ್ಟಿ ಹಿಂಡು,” ಎನ್ನುತ್ತಿದ್ದರು.

ಹೊಳೆದಂಡೆಯ ಕಲ್ಲುಗಳ ಮಧ್ಯೆ ಒಂದು ಕಹಿ ಸೊಪ್ಪು ಬೆಳೆಯುತ್ತದೆ. ಇಲ್ಲಿಯ ಮಾವೋರಿಗಳು ಅದನ್ನು ಪೂಹಾ ಎನ್ನುತ್ತಾರೆ, ಬೇಯಿಸಿ ತಿನ್ನುತ್ತಾರೆ. ನೈನೈ ಹಸಿಯಾಗಿಯೇ ಹುದುಗಿಸಿದ ಹಿಟ್ಟಿನ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದರು. ನಾನು ಮೊದಲ ಸಲ ಬಾಯಿಗಿಟ್ಟು, ಅರೆ, ನಮ್ಮ ಹತ್ತರಕಿ ಸೊಪ್ಪು ಎಂದು ಕೂಗಿ, ರೊಟ್ಟಿ ತಟ್ಟಿಕೊಂಡು ಬಂದಿದ್ದೆ. ಅಂದಿನಿಂದ ಅವರು ಸೊಪ್ಪು ತರುವಾಗ ನನ್ನ ಪಾಲೂ ಸೇರಿಸಿ ತರುತ್ತಿದ್ದರು.

ಹುಡುಗಿಯ ಕೈ ಹಿಡಿದು ನಾನು ಹೊಳೆಯ ಕಡೆ ಓಡುವಾಗ ಇದೇ ತಲೆಯಲ್ಲಿ ತಿರುಗುತ್ತಿತ್ತು. ನನ್ನ ಪಾಲಿನ ಸೊಪ್ಪಿಗೆಂದು ಅವರು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿರಬಹುದು. ದಾರಿಯಲ್ಲಿ ಗಂಡನಿಗೆ ಫೋನ್ ಮಾಡಿದೆ. ಅವನು ವೆಲ್ಲಿಂಗ್ಟನ್ನಿನಿಂದ ಬರುವ ಟ್ರೈನಿನಲ್ಲಿದ್ದ.

“ಒಬ್ಳೇ ನೀರಿಗೆ ಇಳೀಬೇಡ ಕಣೇ. ಮೊದ್ಲು ಪೊಲೀಸ್‌ಗೆ ಫೋನ್ ಮಾಡು. ನಾನು ಸ್ಟೇಷನ್ನಿಂದ ಸೀದಾ ಅಲ್ಲಿಗೇ ಬರ್ತೀನಿ,” ಎಂದ.

“ಮೊದ್ಲು ನೋಡ್ತೇನ್ರೀ. ಅಲ್ಲೇ ಎಲ್ಲ್ಯಾರೆ ಕೂತಿರಬಹುದು,” ಎಂದೆ.

ಕೂತಿರಲಿಲ್ಲ. ಹೊಳೆ ಮಣ್ಣಿನ ಬಣ್ಣಕ್ಕೆ ತಿರುಗಿ, ದಿನಾ ಕಾಣುವ ಕಲ್ಲುಗಳನ್ನೆಲ್ಲ ನುಂಗಿ ಹರಿಯುತ್ತಿತ್ತು. ಒಂದು ಮರದ ಕೊಂಬೆ ನಮ್ಮ ಕಣ್ಣೆದುರೇ ತಿರುಗುತ್ತ ಹೋಯಿತು. ನಾವಿಬ್ಬರೂ ನೈನೈ, ನೈನೈ ಎಂದು ಕೂಗಿದೆವು. ನೀರಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಹುಡುಗಿ ಒಮ್ಮೆಲೇ ನನ್ನ ಕೈ ಕೊಸರಿಕೊಂಡು ಮುಂದೆ ಓಡಿದಳು. ನೀರಿನಿಂದ ಒಂದು ಮಾರು ದೂರದಲ್ಲಿ ಬಟ್ಟೆಯ ಚೀಲ ಬಿದ್ದಿತ್ತು. ಅದರಲ್ಲಿ ಅರ್ಧ ಸೊಪ್ಪು, ಸೊಪ್ಪಿನ ಮೇಲೆ ಕತ್ತರಿ.

ನಾನು ಹುಡುಗಿಯ ಮುಖವನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ಪೊಲೀಸರಿಗೆ ಫೋನ್ ಮಾಡಿದೆ.

ಬಂದವಳು ನನ್ನಷ್ಟೇ ವಯಸ್ಸಿನ ಪೊಲೀಸ್ ಹೆಂಗಸು, ಜೊತೆಗೊಬ್ಬ ಎತ್ತರದ ಹುಡುಗ ಪೊಲೀಸ್. ಆಕೆ ಒಳ್ಳೆಯವಳೇ. ಮೊದಲು ತನ್ನ ಜಾಕೆಟ್ಟನ್ನು ಹುಡುಗಿಗೆ ಹೊದಿಸಿದಳು. ಆಮೇಲೆ ಪ್ರಶ್ನೆ ಕೇಳತೊಡಗಿದಳು. ಹಾಕಿಕೊಂಡ ಬಟ್ಟೆ? ನೇರಳೆ ಬಣ್ಣದ ಹತ್ತಿ ತುಂಬಿದ ಕೋಟು, ಅದರ ತೋಳುಗಳ ಮೇಲೆ ಹೂವಿನ ಚಿತ್ರದ ತೋಳುಚೀಲ ತೊಟ್ಟಿರುತ್ತಾರೆ, ಕೊಳೆಯಾಗಬಾರದೆಂದು. ಕಾಯಿಲೆ? ಎಡಗಾಲಿನ ಮಂಡಿ ನೋವು, ಚಳಿಗೆ ಹೆಚ್ಚಾಗುತ್ತದೆ. ಮರೆವು? ನಾನು ಹೋದ ವಾರ ತಪ್ಪು ಹೇಳಿದ ವಾಕ್ಯವನ್ನು ಈ ವಾರ ನೆನಪಿಟ್ಟು ಬೈಯುವಷ್ಟು ಚುರುಕು. ಕೇಳದಿದ್ದರೂ ಹೇಳಿದೆ, ಕೆಳಗಿನ ಸಾಲಿನಲ್ಲಿ ಒಂದು ಹಲ್ಲಿಲ್ಲ, ಬೆಂಡೆಕಾಯಿ ಸೇರುವುದಿಲ್ಲ, ನಾಯಿ ಕಂಡರೆ ಭಯ.

“ಅವರ ಹೆಸರು?” ಎಂದು ಆಕೆ ಕೇಳಿದಳು.

ನಾನು ಹುಡುಗಿಯ ಕಡೆ ತಿರುಗಿದೆ.

“ನೈನೈ,” ಎಂದಳು ಹುಡುಗಿ. “ಹರ್ ನೇಮ್ ಈಸ್ ನೈನೈ.”

ಅದು ಹೆಸರಲ್ಲ, ಅಜ್ಜಿ ಅಂದ ಹಾಗೆ ಎಂದು ನಾನು ವಿವರಿಸಿದೆ. ಹಾಗಾದರೆ ಹುಡುಗಿಯ ಮನೆತನದ ಹೆಸರು ಏನೆಂದು ಆಕೆ ಕೇಳಿದಳು. ಅದರಿಂದ ಪ್ರಯೋಜನವಿಲ್ಲ, ಚೀನಾದಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ, ಅಜ್ಜಿಯದು ಬೇರೆ ಇರುತ್ತದೆ ಎಂದೆ. ಆಕೆ ಪೆನ್ನು ತಡೆದು ನನ್ನ ಮುಖ ನೋಡಿದಳು.

“ಒಂದು ವರ್ಷಕ್ಕಿಂತ ಹೆಚ್ಚಾಗಿ ದಿನಾ ಮಾತಾಡುತ್ತೇವೆ ಎಂದಿರಲ್ಲ. ಹೆಸರು ಗೊತ್ತಿಲ್ಲವೇ?”

ಬೇಕೆಂದು ಚುಚ್ಚಿದ್ದಲ್ಲ ಅದು. ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಹಲ್ಲಿನ ಸಂದಿಯಿಂದ ಹಿಡಿದು ಮಂಡಿಯವರೆಗೆ ಬಲ್ಲ ಮನುಷ್ಯರನ್ನು ಕಳೆದುಕೊಂಡು ನಿಂತಿದ್ದೇನೆ, ಈಕೆಗೆ ನನಗೆ ಹೆಸರು ಗೊತ್ತಿಲ್ಲದ್ದೊಂದೇ ಕಾಣುತ್ತಿದೆ.

“ನಮ್ಮಲ್ಲಿ ಹಿರಿಯರ ಹೆಸರು ಕೇಳುವುದಿಲ್ಲ,” ಎಂದೆ, ಗಂಟಲು ಏರಿಸಿ. “ಅವರಲ್ಲೂ ಕೇಳುವುದಿಲ್ಲ. ಕೇಳಿದರೆ ಅವಮಾನ. ನೀವು ಹೊಳೆ ನೋಡಿ, ನನ್ನನ್ನು ಯಾಕೆ ನೋಡುತ್ತೀರಿ?”

ಆಕೆ ಸಿಟ್ಟಾಗಲಿಲ್ಲ. ಹುಡುಕಲು ಬರುವವರು ಕೂಗಿ ಕರೆಯಬೇಕಲ್ಲ, ಏನೆಂದು ಕೂಗುತ್ತಾರೆ ಎಂದು ಸಮಾಧಾನವಾಗಿಯೇ ಹೇಳಿದಳು. ಅದೂ ನಿಜವೇ. ನಾನು ನೈನೈಯ ಮಗನಿಗೆ ಮತ್ತೆ ಫೋನ್ ಹಚ್ಚಿದೆ. ಬರುವಾಗಲೂ ಹಚ್ಚಿದ್ದೆ, ಎತ್ತಿರಲಿಲ್ಲ. ತಣ್ಣನೆಯ ಗೋದಾಮಿನೊಳಗೆ ಯಂತ್ರದ ಕೆಳಗೆ ಮಲಗಿ ಕೆಲಸ ಮಾಡುವವನ ಫೋನು ಜಾಕೆಟ್ಟಿನ ಕಿಸೆಯಲ್ಲಿ ಎಲ್ಲೋ ಬಡಿದುಕೊಳ್ಳುತ್ತಿರಬೇಕು. ಹುಡುಗಿಯ ತಾಯಿ ಆ ಹೊತ್ತಿಗೆ ವಿಮಾನದಲ್ಲಿ ವಾಪಸು ಬರುತ್ತಿದ್ದಳು, ಅವಳ ಫೋನೂ ಸತ್ತಿತ್ತು. ಪ್ರಪಂಚದಲ್ಲಿ ನೈನೈಯ ಹೆಸರು ಗೊತ್ತಿದ್ದ ಇಬ್ಬರೂ ಕೈಗೆ ಸಿಗದೆ, ನಾನು ಆ ಹೆಸರಿಗಾಗಿ ಫೋನಿನ ಗುಂಡಿ ಒತ್ತುತ್ತ, ದೇವರೇ ಒಮ್ಮೆ ಎತ್ತಿಸು, ಎತ್ತಿಸು ಎನ್ನುತ್ತ ನಿಂತೆ.

ಕಿತ್ತಳೆ ಬಣ್ಣದ ಜಾಕೆಟ್ಟಿನ ಜನ ಬಂದರು. ಊರಿನವರೇ, ಹೀಗೆ ಯಾರಾದರೂ ಕಳೆದುಹೋದಾಗ ಕೆಲಸ ಬಿಟ್ಟು ಹುಡುಕಲು ಬರುವವರು. ಒಬ್ಬ ಹಿಂದೆ ಸಾಮಾನು ಹೇರುವ ತನ್ನ ಯೂಟ್ ಗಾಡಿಯಿಂದ ಹಗ್ಗ, ದೀಪ ಇಳಿಸಿದ. ನನ್ನ ಗಂಡನೂ ಬಂದು ಸೇರಿದ. ಹುಡುಗಿಯನ್ನು ಮನೆಗೆ ಕರೆದೊಯ್ಯುತ್ತೇನೆಂದರೆ ಅವಳು ಕಾಲೂರಿ ನಿಂತು ಬರಲೇ ಇಲ್ಲ. ಎತ್ತರದ ಪೊಲೀಸು ಚೀಲ ಬಿದ್ದ ಜಾಗದಲ್ಲಿ ನಿಂತು, ನೀರು ಹರಿಯುವ ದಿಕ್ಕಿಗೆ ಬಹಳ ಹೊತ್ತು ನೋಡಿದ. ಯಾರೊಡನೆಯೋ ಮೆಲ್ಲಗೆ ಮಾತಾಡಿದ. ಆ ಮಾತಿನಲ್ಲಿ ‘ಕೆಳಗಿನ ಸೇತುವೆ’ ಎಂಬುದೊಂದು ನನ್ನ ಕಿವಿಗೆ ಬಿತ್ತು. ನನ್ನ ಗಂಡ ನನ್ನ ರಟ್ಟೆ ಹಿಡಿದುಕೊಂಡ. ಅವನಿಗೂ ಬಿದ್ದಿತ್ತು.

ಆಗ ನನ್ನ ಫೋನು ರಿಂಗಾಯಿತು. ಮಗ.

ವಿಷಯ ಹೇಳಿದೆ. ಪೊಲೀಸ್ ಹೆಂಗಸು ಫೋನು ತೆಗೆದುಕೊಂಡು, ಸ್ಪೀಕರಿಗೆ ಹಾಕಿ, ತಾಯಿಯ ಹೆಸರು ಕೇಳಿದಳು. ಅವನು ಆ ಹೆಸರನ್ನು ಬಾಯಿಬಿಟ್ಟು ಹೇಳದೆ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದ. ತಾಯಿಯ ಹೆಸರನ್ನು ಮಗ ಉಚ್ಚರಿಸುವ ಹಾಗಿಲ್ಲ, ಅಕ್ಷರಗಳನ್ನು ಹೇಳಬಹುದು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಸಿಕ್ಕಿತಲ್ಲ, ಅಷ್ಟು ಸಾಕು ಎಂದು ನನಗೆ ಕಣ್ಣಲ್ಲಿ ನೀರು ಬಂತು.

ಅವರು ಗಾಡಿಯ ಮೇಲಿನ ಲೌಡ್‌ಸ್ಪೀಕರಿನಲ್ಲಿ ಆ ಹೆಸರನ್ನು ಕೂಗತೊಡಗಿದರು. ಮೂರೂ ಅಕ್ಷರದ ಪೂರ್ತಿ ಹೆಸರು, ಮೊದಲು ಮನೆತನದ್ದು, ಆಮೇಲೆ ಅವರದ್ದು. ಏರಬೇಕಾದಲ್ಲಿ ಇಳಿಸಿ, ಇಳಿಯಬೇಕಾದಲ್ಲಿ ಏರಿಸಿ, ದಂಡೆಗೆ ಕಟ್ಟಿದ ಏರಿಯ ಉದ್ದಕ್ಕೂ ಗಾಡಿಯನ್ನು ಮೆಲ್ಲಗೆ ಓಡಿಸುತ್ತ ಕೂಗಿದರು. ಕೂಗಿ ಎಂಜಿನ್ ನಿಲ್ಲಿಸಿ ಕಿವಿಗೊಡುತ್ತಿದ್ದರು. ನಾವೆಲ್ಲ ಉಸಿರು ಹಿಡಿದು ಕಿವಿಗೊಡುತ್ತಿದ್ದೆವು. ನೀರಿನ ಸದ್ದು. ಮತ್ತೆ ಹೆಸರು. ಮತ್ತೆ ನೀರು. ಆಚೆದಡದ ಬೆಟ್ಟ ಆ ಹೆಸರನ್ನು ಹಿಂದಕ್ಕೆ ಎಸೆಯುತ್ತಿತ್ತು. ಬೆಳಕು ಕಂದುತ್ತ ಬಂದು, ಜನರ ಮುಖ ಅಳಿಸಿ ಜಾಕೆಟ್ಟುಗಳಷ್ಟೇ ಕಾಣುತ್ತಿದ್ದವು. ಹುಡುಗಿಯ ಹಲ್ಲು ಕಟಕಟ ಎನ್ನುತ್ತಿತ್ತು. ಚಳಿಗೋ ಹೆದರಿಕೆಗೋ ನನಗೆ ಗೊತ್ತಿಲ್ಲ.

ಇಷ್ಟು ಗಟ್ಟಿ ಕೂಗಿದರೂ ಉತ್ತರವಿಲ್ಲವೆಂದರೆ, ಎಂದು ಒಬ್ಬ ಕಿತ್ತಳೆ ಜಾಕೆಟ್ಟಿನವನು ಇನ್ನೊಬ್ಬನಿಗೆ ಹೇಳಿ ಮಾತು ಅಲ್ಲಿಗೇ ಬಿಟ್ಟ. ಅವನು ಬಿಟ್ಟ ಮಾತಿನಿಂದಲೇ ನನಗೆ ಹುಚ್ಚು ಹಿಡಿದಂತಾಯಿತು. ಆ ಯಂತ್ರದ ಬಾಯಿಂದ ಬರುವ ಹೆಸರು ಯಾರದು? ನನ್ನ ನೈನೈಯದಂತೂ ಅಲ್ಲ. ಅದು ರೈಲ್ವೆ ಸ್ಟೇಷನ್ನಿನ ಕೂಗಿನ ಹಾಗೆ ಕೇಳುತ್ತಿತ್ತು. ಹಾಗೆ ಕೂಗಿದರೆ ನನಗೂ ಬರಬೇಕು ಅನ್ನಿಸುವುದಿಲ್ಲ.

“ನಿಲ್ಲಿಸಿ ಅದನ್ನು,” ಎಂದೆ ಪೊಲೀಸ್ ಹೆಂಗಸಿಗೆ. “ಎಲ್ಲವನ್ನೂ ನಿಲ್ಲಿಸಿ. ಎಂಜಿನ್ ಕೂಡ.”

ನಿಯಮ ಹೀಗಿದೆ, ಕೂಗುತ್ತ ಹೋಗಬೇಕು ಎಂದೇನೋ ಆಕೆ ಶುರು ಮಾಡಿದಳು.

“ಸ್ವಲ್ಪ ಸುಮ್ನಿರೇ, ಅವ್ರ ಕೆಲ್ಸ ಅವ್ರು ಮಾಡ್ಲಿ,” ಎಂದ ನನ್ನ ಗಂಡ ಮೆಲ್ಲಗೆ.

“ನೀವು ಸುಮ್ಮನ ಇರ್ರಿ!” ಎಂದು ಅವನ ಮೇಲೂ ಹರಿಹಾಯ್ದೆ. ಆಕೆ ನನ್ನ ಮುಖ ನೋಡಿ, ಏನನ್ನಿಸಿತೋ, ಕೈ ಎತ್ತಿದಳು. ಲೌಡ್‌ಸ್ಪೀಕರು ನಿಂತಿತು.

ಚಿಂಗ್‌ದಾವ್‌ನ ಆ ಅಂಗಳದಲ್ಲಿ ಸಂಜೆಯಾದರೆ ಮೇಲಿನ ಮಹಡಿಯವರು ಕಿಟಕಿಯಿಂದ ಬಗ್ಗಿ ಕೆಳಗಿನವರನ್ನು ಊಟಕ್ಕೆ ಕರೆಯುತ್ತಿದ್ದರು. ಸೊಸೆಯಂದಿರು ಅತ್ತೆಯನ್ನು ಕರೆಯಬೇಕಾದರೆ ಮಗುವಿನ ಹೆಸರು ಹಿಡಿದು, ಇಂಥವಳ ನೈನೈ ಎಂದು, ಕೊನೆಯ ಅಕ್ಷರವನ್ನು ಎಳೆದು ಬಿಡುತ್ತಿದ್ದರು. ನಾನು ಏರಿಯ ಮೇಲೆ ಹತ್ತಿದೆ. ಹೊಟ್ಟೆಯಿಂದ ಧ್ವನಿ ತೆಗೆದು, ಹುಡುಗಿಯ ಮುದ್ದಿನ ಹೆಸರು ಹಿಡಿದು ಕೂಗಿದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ಕೂಸಿನ ನೈನೈ! ಮನೀಗೆ ಬರ್ರೀ! ಕೂಸು ಹಸಗೊಂಡು ಕೂತದ!”

ಏನೂ ಇಲ್ಲ. ಇನ್ನೊಮ್ಮೆ ಕೂಗಿದೆ. ಈ ಸಲ ಹುಡುಗಿ ನನ್ನ ಪಕ್ಕಕ್ಕೆ ಬಂದು ನಿಂತು, ನನ್ನೆದುರು ಎಂದೂ ಆಡದಿದ್ದ ಚೀನೀ ಭಾಷೆಯಲ್ಲಿ, ಅಳುತ್ತಲೇ ಕೂಗಿದಳು.

“ನೈನೈ, ನಾ ಹಸದೇನಿ!”

ಕೆಮ್ಮು ಕೇಳಿಸಿತು. ಹೊಳೆಯ ಕಡೆಯಿಂದಲ್ಲ, ನಮ್ಮ ಕಾಲಕೆಳಗಿನಿಂದ.

ನಾವು ನಿಂತ ಏರಿಯ ಅಡಿಯಲ್ಲಿ ಮಳೆನೀರು ಹೊಳೆಗೆ ಹಾಯಲೆಂದು ಹಾಕಿದ ಸಿಮೆಂಟಿನ ಕೊಳವೆಯಿತ್ತು. ಬಾಯಿಗೆ ಮುಳ್ಳುಕಂಟಿ ಬೆಳೆದಿತ್ತು. ಲೌಡ್‌ಸ್ಪೀಕರಿನ ಗಾಡಿ ಅದರ ಮೇಲೆಯೇ ಎರಡು ಸಲ ಹಾದುಹೋಗಿತ್ತು. ಎತ್ತರದ ಪೊಲೀಸು ಮುಳ್ಳು ಸರಿಸಿ ದೀಪ ಬಿಟ್ಟರೆ, ಒಳಗೆ ನೈನೈ ಗೋಡೆಗೆ ಆತು ಕೂತಿದ್ದರು. ಹೊಳೆಯ ನೀರು ಹಿಮ್ಮೆಟ್ಟಿ ಕೊಳವೆಯೊಳಗೆ ಏರುತ್ತಿತ್ತು, ಅವರ ಸೊಂಟ ಮುಟ್ಟಿತ್ತು. ದೀಪ ಕಂಡು ಅವರು ಇನ್ನೂ ಒಳಕ್ಕೆ ಸರಿದರು. ನಾನು ಪೊಲೀಸನನ್ನು ತಳ್ಳಿ ಮುಂದೆ ಹೋಗಿ ತಲೆ ತೂರಿಸಿ, “ನಾನ್ರೀ ನೈನೈ, ಇಂಡಿಯಾದ ಸೊಸಿ,” ಎಂದೆ. ಆಗ ಕೈ ಚಾಚಿದರು. ಆ ಕೈ ಮಂಜುಗಡ್ಡೆಯಾಗಿತ್ತು.

ಕಂಬಳಿ ಸುತ್ತಿ ಯೂಟಿನ ಹಿಂಬದಿಯಲ್ಲಿ ಕೂರಿಸಿ ಆ್ಯಂಬುಲೆನ್ಸಿಗೆ ಕಾಯುವಾಗ ಅವರು ಮೊಮ್ಮಗಳನ್ನು ಕಂಬಳಿಯೊಳಗೆ ಎಳೆದುಕೊಂಡು, ಹುಡುಗಿಗೆ ಕೇಳದ ಹಾಗೆ ನನ್ನ ಕಿವಿಯಲ್ಲಿ ಮಾತಾಡಿದರು. ಕಲ್ಲಿನ ಮೇಲೆ ಜಾರಿ ಕಾಲು ಉಳುಕಿತಂತೆ. ಚೀಲ ಬಿಟ್ಟು ತೆವಳಿಕೊಂಡು ಏರಿಯ ತನಕ ಬಂದರಂತೆ. ಯಾರಾದರೂ ಬರುತ್ತಾರೆಂದು ಮುಳ್ಳುಕಂಟಿಯ ಮರೆಗೆ ಗಾಳಿ ತಪ್ಪಿಸಿ ಕೂತಿದ್ದರಂತೆ, ನೀರಿನ ಸದ್ದಿನಲ್ಲಿ ನಮ್ಮ ಮೊದಲ ಕೂಗು ಕೇಳಿಸಲಿಲ್ಲವಂತೆ.

“ಮತ್ಯಾಕ ಆ ಕೊಳವ್ಯಾಗ ಹೊಕ್ಕೀರಿ?” ಎಂದು ನಾನು ಬೈದೆ. ಸಿಟ್ಟು ಮಾಡುತ್ತಲೇ ಅತ್ತೆ.

“ಭೋಂಗಾದಾಗ ಹೆಸರು ಕೂಗಿದ್ರಲ್ಲ,” ಎಂದರು.

ಅವರು ಹೇಳಿದ್ದು ಇಷ್ಟು. ಅವರ ಹಳ್ಳಿಯಲ್ಲಿ ಕಂಬದ ಮೇಲೆ ಭೋಂಗಾ, ಅಂದರೆ ಲೌಡ್‌ಸ್ಪೀಕರು ಇತ್ತು, ಕ್ರಾಂತಿಯ ಕಾಲದಲ್ಲಿ ಜನರನ್ನು ವಿಚಾರಣೆಗೆ ಕರೆಯುತ್ತಿದ್ದದ್ದು ಅದರಲ್ಲೇ. ಒಮ್ಮೆ ಅದರಲ್ಲಿ ಅವರ ಅಪ್ಪನ ಪೂರ್ತಿ ಹೆಸರು ಕೂಗಿದರು. ಕೈ ತೊಳೆದುಕೊಂಡು ಹೋದ ಅಪ್ಪ ತಿರುಗಿ ಬರಲಿಲ್ಲ. ಕೆಲವು ದಿನದ ಮೇಲೆ ಇವರ ಹೆಸರು ಕೂಗಿದರು. ಆಗ ಇಪ್ಪತ್ತರ ಆಸುಪಾಸಿನ ಹುಡುಗಿ.

“ಹೋದೆ,” ಎಂದರು. ಹೂವಿನ ತೋಳುಚೀಲವನ್ನು ಮೊಣಕೈಯ ತನಕ ಎಳೆದುಕೊಂಡರು. “ಅವತ್ತಿನಿಂದ ಯಾರ ಬಾಯಾಗೂ ಆ ಹೆಸರು ಬರಗೊಟ್ಟಿಲ್ಲ. ಮೊದಲು ಮಗನ ಅವ್ವ ಆದೆ, ಆಮ್ಯಾಲೆ ಕೂಸಿನ ನೈನೈ ಆದೆ. ಇವ್ರು ಎಷ್ಟು ಕೆಟ್ಟ ಉಚ್ಚಾರ ಮಾಡಿದ್ರೂ ನನಗ ಗೊತ್ತಾತು. ಈ ದೇಶದಾಗೂ ಹುಡುಕ್ಕೊಂಡು ಬಂದ್ರಲಾ ಅಂತ ಕೈಕಾಲಾಗ ಶಕ್ತಿನ ಹೋತು.”

ಆಮೇಲೆ ನನ್ನ ಮಣಿಕಟ್ಟು ಹಿಡಿದು ನನ್ನ ಕಡೆ ತಿರುಗಿದರು. “ನಿನಗ ತಿಳೀತೇನು, ಏನ್ ಕೂಗಿದ್ರು ಅಂತ?”

ಆ ಹೆಸರಿಗಾಗಿ ನಾನು ಹೊಳೆದಂಡೆಯಲ್ಲಿ ದೇವರನ್ನು ಬೇಡಿದ್ದೆ. ಎಷ್ಟು ಸಲ ಕೇಳಿದ್ದೆನೆಂದರೆ ಅದು ತಲೆಯೊಳಗೆ ಇನ್ನೂ ಕೂಗುತ್ತಲೇ ಇತ್ತು.

“ಇಲ್ರಿ ನೈನೈ,” ಎಂದೆ. “ಇವ್ರು ಕೂಗಿದ್ದು ಯಾರಿಗೆ ತಿಳೀತದ?”

ಅವರು ನನ್ನ ಮುಖವನ್ನೇ ನೋಡಿದರು. ನನಗೆ ಯಾವ ಭಾಷೆಯಲ್ಲೂ ಸುಳ್ಳು ಹೇಳಲು ಸರಿಯಾಗಿ ಬರುವುದಿಲ್ಲ.

ಆ್ಯಂಬುಲೆನ್ಸಿನಿಂದ ಇಳಿದ ತರುಣಿ ಅವರ ನಾಡಿ ಹಿಡಿದಳು, ಕಣ್ಣಿಗೆ ದೀಪ ಬಿಟ್ಟು ನೋಡಿದಳು. ಚಳಿಗೆ ಬುದ್ಧಿ ಮಂಕಾಗಿದೆಯೋ ಇಲ್ಲವೋ ತಿಳಿಯಬೇಕು ಎಂದು ನನಗೆ ಹೇಳಿದಳು. “ಅವರ ಹೆಸರು ಏನೆಂದು ಅವರ ಬಾಯಿಂದಲೇ ಹೇಳಿಸಿ. ಪೂರ್ತಿ ಹೆಸರು.”

ಪೊಲೀಸ್ ಹೆಂಗಸೂ ಪಕ್ಕದಲ್ಲಿ ನಿಂತಿದ್ದಳು. ನನ್ನ ಗಂಡನೂ ನಿಂತಿದ್ದ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

ನಾನು ನೈನೈಯ ಕಡೆ ಬಗ್ಗಿ, ಚೀನೀ ಭಾಷೆಯಲ್ಲಿ, “ಕಾಲು ಎಲ್ಲೆ ನೋಯ್ತದ, ಹೇಳ್ರಿ,” ಎಂದೆ.

ಅವರು ಶುರು ಮಾಡಿದರು. ಉಳುಕಿದ ಜಾಗ, ಮೊದಲಿನಿಂದ ಇದ್ದ ಮಂಡಿಯ ನೋವು, ಅದಕ್ಕೆ ಮಗ ತಂದುಕೊಟ್ಟ ಮುಲಾಮು ಉಪಯೋಗಕ್ಕೆ ಬಾರದ್ದು, ಇಲ್ಲಿಯ ಬೂಟುಗಳೇ ಸರಿಯಿಲ್ಲದ್ದು, ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದರು. ನಾನು ಪೂರ್ತಿ ಕೇಳಿಸಿಕೊಂಡು, ನೆಟ್ಟಗಾಗಿ ತರುಣಿಯ ಕಡೆ ತಿರುಗಿದೆ.

“ಸರಿಯಾಗಿ ಹೇಳಿದರು,” ಎಂದೆ ಇಂಗ್ಲಿಷಿನಲ್ಲಿ. “ಅದೇ ಹೆಸರು. ಬುದ್ಧಿ ಸರಿಯಾಗಿಯೇ ಇದೆ. ಕಾಲು ನೋಯುತ್ತದಂತೆ.”

ತರುಣಿ ನಕ್ಕು ತಲೆಯಾಡಿಸಿ ಸ್ಟ್ರೆಚರು ತರಲು ಹೋದಳು. ನೈನೈ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದರು.

“ನಾ ಅಷ್ಟೊತ್ತು ಹೇಳಿದ್ದನ್ನ ನೀ ಎರಡ ಮಾತಿನ್ಯಾಗ ಮುಗಿಸಿಬಿಟ್ಟಿ,” ಎಂದರು. “ಇಷ್ಟು ದಿನ ಕಲತು ಏನು ಬಂತು ನಿನಗ?”

“ಬರೂದಿಲ್ರಿ ನೈನೈ,” ಎಂದೆ. “ಇನ್ನೂ ಸರಿಯಾಗಿ ಬರೂದಿಲ್ಲ.”

ಅವರು ನನ್ನ ಮಣಿಕಟ್ಟು ಬಿಡಲಿಲ್ಲ. ಸ್ಟ್ರೆಚರು ಬಂದಾಗಲೂ ಬಿಡಲಿಲ್ಲ.